ಬದಲಾಗಿದ್ದು ಹೃದಯವೋ, ಪ್ರೋಬೋ? ನಿಯರ್ ಇನ್‌ಫ್ರಾರೆಡ್ ಬೆಳಕಿನಿಂದ ಹೃದಯದ ಆಕ್ಸಿಜನ್ ಅಳೆಯುವಾಗ ಬರುವ ತೊಂದರೆಗಳು: ದೋಷ ನಿವಾರಣೆ ಕೈಪಿಡಿ

ಹೃದಯದ ಸ್ನಾಯುವಿನ ಮೇಲೆ ಪ್ರೋಬ್, ಅಂದರೆ ಬೆಳಕು ಬಿಟ್ಟು ವಾಪಸ್ ಬಂದದ್ದನ್ನು ಹಿಡಿಯುವ ತುದಿ, ಇಟ್ಟಿದ್ದೀರಿ. ಐದು ನಿಮಿಷದ ಹಿಂದೆ ಪರದೆಯಲ್ಲಿ ಆಕ್ಸಿಜನ್ ಶೇ. 66 ಇತ್ತು, ಈಗ 58. ಹೃದಯಕ್ಕೆ ನಿಜವಾಗಿ ಆಕ್ಸಿಜನ್ ಕಡಿಮೆಯಾಯಿತಾ, ಅಥವಾ ಪ್ರೋಬ್ ಒಂದು ಕೂದಲೆಳೆಯಷ್ಟು ಜಾರಿತಾ? ನೋಡಿದ ಕೂಡಲೇ ಹೇಳಲು ಆಗುವುದಿಲ್ಲ. ಆದರೆ ಕ್ರಮವಾಗಿ ಹುಡುಕಿದರೆ ಬಹಳ ಸಲ ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ.

ಪ್ರಯೋಗಾಲಯದಲ್ಲಿ, ಎದೆ ತೆರೆದ ಪ್ರಯೋಗಗಳಲ್ಲಿ ಅಥವಾ ಶಸ್ತ್ರಚಿಕಿತ್ಸೆಯ ಸಂಶೋಧನೆಯಲ್ಲಿ ನಿರ್ಸ್ ಬಳಸುವ ವಿದ್ಯಾರ್ಥಿಗಳಿಗೆ ಮತ್ತು ಉಪಕರಣ ನೋಡಿಕೊಳ್ಳುವ ತಂತ್ರಜ್ಞರಿಗೆ ಇದನ್ನು ಬರೆದಿದ್ದೇನೆ. ನಿರ್ಸ್ ಅಂದರೆ ನಿಯರ್ ಇನ್‌ಫ್ರಾರೆಡ್ ಸ್ಪೆಕ್ಟ್ರೋಸ್ಕೋಪಿ. ರೋಗಿಗೆ ಏನು ಚಿಕಿತ್ಸೆ ಕೊಡಬೇಕು ಅನ್ನುವುದು ಈ ಕೈಪಿಡಿಯ ಕೆಲಸವಲ್ಲ, ಅದು ವೈದ್ಯರದು.

ಮೊದಲು ಉಪಕರಣ ಏನು ಮಾಡುತ್ತದೆ ನೋಡೋಣ. ಸುಮಾರು 650ರಿಂದ 950 ನ್ಯಾನೊಮೀಟರ್ ನಡುವಿನ ಬೆಳಕು ಮಾಂಸದೊಳಗೆ ಕೆಲವು ಸೆಂಟಿಮೀಟರ್ ಓಡಾಡಿ ಹೊರಗೆ ಬರಬಲ್ಲದು. ಆಕ್ಸಿಜನ್ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ 760ರ ಆಸುಪಾಸಿನ ಬೆಳಕನ್ನು ಜಾಸ್ತಿ ನುಂಗುತ್ತದೆ. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ 800ರ ಆಚೆಯದನ್ನು ಜಾಸ್ತಿ ನುಂಗುತ್ತದೆ. 800ರ ಹತ್ತಿರ ಇಬ್ಬರೂ ಸಮ. ಎರಡೋ ನಾಲ್ಕೋ ತರಂಗಾಂತರಗಳಲ್ಲಿ ಎಷ್ಟು ಬೆಳಕು ವಾಪಸ್ ಬಂತು ಎಂದು ನೋಡಿ, ಹಿಮೋಗ್ಲೋಬಿನ್‌ನಲ್ಲಿ ಶೇಕಡಾ ಎಷ್ಟು ಆಕ್ಸಿಜನ್ ಹೊತ್ತಿದೆ ಎಂದು ಉಪಕರಣ ಲೆಕ್ಕ ಹಾಕಿ ಅಂಕಿ ತೋರಿಸುತ್ತದೆ.

1977ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೋಬ್ಸಿಸ್ ಈ ವಿಧಾನವನ್ನು ಪ್ರಕಟಿಸಿದಾಗಲೇ ಅದರಲ್ಲಿ ಮಿದುಳಿನ ಜೊತೆ ಹೃದಯವೂ ಇತ್ತು. ಆಮೇಲೆ ಮಿದುಳು ಮುಂದೆ ಓಡಿತು, ಹೃದಯ ಹಿಂದೆ ಉಳಿಯಿತು. ಹಣೆಗೆ ಅಂಟಿಸಿದ ಸೆನ್ಸರ್ ಅಲ್ಲೇ ಕೂತಿರುತ್ತದೆ. ಹೃದಯ ಸುಮ್ಮನಿರುವ ಜಾತಿಯದ್ದಲ್ಲ. ಮುಂದೆ ಬರುವ ತೊಂದರೆಗಳಲ್ಲಿ ಅರ್ಧಕ್ಕರ್ಧ ಇದರಿಂದಲೇ ಹುಟ್ಟುತ್ತವೆ.

ಕೈ ಹಾಕುವ ಮುನ್ನ

ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಅಥವಾ ಮಂದ ಕೆಂಪಾಗಿ ಕಾಣುತ್ತದೆ. ಕಾಣದ ಬೆಳಕಿಗೆ ಕಣ್ಣು ರೆಪ್ಪೆ ಬಡಿಯುವುದಿಲ್ಲ, ಆದ್ದರಿಂದ ರೆಟಿನಾಗೆ ಹಾನಿಯಾದರೂ ಆ ಹೊತ್ತಿಗೆ ತಿಳಿಯದಿರಬಹುದು. ಬೆಳಕನ್ನು ಪ್ರೋಬ್‌ಗೆ ಸಾಗಿಸುವ ಗಾಜಿನ ಎಳೆಯ, ಅಂದರೆ ಫೈಬರ್‌ನ, ತುದಿಯನ್ನು ಯಾವತ್ತೂ ಕಣ್ಣಿಗೆ ಹಿಡಿದು ನೋಡಬೇಡಿ. ಒಳಗೆ ಲೇಸರ್ ಇದ್ದರಂತೂ ಬೇಡವೇ ಬೇಡ.

ಎರಡನೆಯದು ಕರೆಂಟು. ತೆರೆದ ಹೃದಯವನ್ನು ಮುಟ್ಟುವ ಉಪಕರಣಕ್ಕೆ ಸಿಎಫ್ ಎಂಬ ವಿದ್ಯುತ್ ಸುರಕ್ಷತೆಯ ದರ್ಜೆ ಬೇಕು. ಮಾಮೂಲಿ ಸ್ಥಿತಿಯಲ್ಲಿ ಅದರಿಂದ ಸೋರುವ ಕರೆಂಟು 10 ಮೈಕ್ರೊಆಂಪಿಯರ್ ದಾಟುವಂತಿಲ್ಲ. ಚರ್ಮದ ಮೇಲೆ ಗೊತ್ತೇ ಆಗದಷ್ಟು ಕರೆಂಟು ನೇರವಾಗಿ ಹೃದಯಕ್ಕೆ ತಾಗಿದರೆ ಬಡಿತವನ್ನೇ ಕೆಡಿಸಬಹುದು. ಗಾಜಿನ ಫೈಬರ್ ಕರೆಂಟು ಒಯ್ಯುವುದಿಲ್ಲ, ನಿಜ. ಆದರೆ ಅದರ ಮೇಲಿನ ಲೋಹದ ಕವಚ ಒಯ್ಯುತ್ತದೆ. ಲ್ಯಾಬಿನಲ್ಲಿ ಕೈಯಾರೆ ಜೋಡಿಸಿದ ಉಪಕರಣವನ್ನು ಮನುಷ್ಯರ ಹೃದಯದ ಹತ್ತಿರವೂ ಒಯ್ಯಬೇಡಿ.

ಅಂಕಿ ದಿಢೀರನೆ ಬಿದ್ದಿದೆ

ಇಲ್ಲಿ ಮೊದಲ ನಿಯಮ: ಸುಳ್ಳು ಎಂದು ಸಾಬೀತಾಗುವ ತನಕ ಅದು ನಿಜ. ಕೇಬಲ್ ಹುಡುಕುವ ಮುನ್ನ ತಲೆ ಎತ್ತಿ ಹೃದಯ ನೋಡಿ. ಬಣ್ಣ ಕಪ್ಪಿಟ್ಟಿದೆಯಾ? ಪ್ರೋಬ್ ಇರುವ ಭಾಗ ಸರಿಯಾಗಿ ಕುಗ್ಗುತ್ತಿದೆಯಾ? ರಕ್ತದೊತ್ತಡ ಇಳಿದಿದೆಯಾ, ಇಸಿಜಿ ಗೆರೆ ಬದಲಾಗಿದೆಯಾ? ಆಪರೇಷನ್ ಥಿಯೇಟರ್‌ನಲ್ಲಿದ್ದರೆ ಅರಿವಳಿಕೆ ತಜ್ಞರಿಗೆ ಮತ್ತು ಸರ್ಜನ್‌ಗೆ ಆಗಲೇ ಹೇಳಿ. "ಸೆನ್ಸರ್ ಇರಬೇಕು, ತಾಳಿ ನೋಡ್ತೀನಿ" ಅಂತ ಎರಡು ನಿಮಿಷ ನುಂಗಿಕೊಂಡರೆ ಆ ಎರಡು ನಿಮಿಷ ಮತ್ತೆ ಸಿಗುವುದಿಲ್ಲ.

ಅವರು ಹೃದಯ ನೋಡುತ್ತಿರುವಾಗ ನೀವು ಗೆರೆಯ ಆಕಾರ ನೋಡಿ. ಇದಕ್ಕೆ ಖರ್ಚಿಲ್ಲ, ಪ್ರೋಬ್ ಮುಟ್ಟುವುದೂ ಬೇಡ.

ರಕ್ತನಾಳ ಕಟ್ಟಿಕೊಂಡರೆ ಸ್ನಾಯು ತನ್ನಲ್ಲಿ ಉಳಿದ ಆಕ್ಸಿಜನ್ ಅನ್ನು ತಿಂದು ಮುಗಿಸುತ್ತಾ ಹೋಗುತ್ತದೆ. ಕುಸಿತ ಕೆಲವು ಸೆಕೆಂಡುಗಳಲ್ಲಿ ಶುರುವಾಗಿ ಇಳಿಜಾರಿನಂತೆ ಸಾಗುತ್ತದೆ. ಒಂದೇ ಒಂದು ಬಿಂದುವಿನಲ್ಲಿ ಮೆಟ್ಟಿಲು ಇಳಿದಂತೆ ಬಿದ್ದರೆ ಅದು ಸ್ನಾಯುವಿನ ಕೆಲಸವಲ್ಲ. ಆಕ್ಸಿಜನ್ ಅಷ್ಟು ಬೇಗ ಖಾಲಿಯಾಗಲಾರದು. ಯಾರೋ ಕೇಬಲ್ ಎಳೆದಿದ್ದಾರೆ ಅಥವಾ ಪ್ರೋಬ್ ಅಂಚು ಎದ್ದಿದೆ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಒಂದಿದೆ: ಲೆಕ್ಕ ಹಾಕುವ ಮುಂಚಿನ ಕಚ್ಚಾ ಬೆಳಕು. ಹೆಚ್ಚಿನ ಸಂಶೋಧನಾ ಉಪಕರಣಗಳಲ್ಲಿ ಪ್ರತಿ ತರಂಗಾಂತರದ ಬೆಳಕಿನ ಮಟ್ಟವನ್ನು ಬೇರೆ ಕಿಟಕಿಯಲ್ಲಿ ತೆರೆದು ನೋಡಬಹುದು. ಆಕ್ಸಿಜನ್ ನಿಜವಾಗಿ ಇಳಿದರೆ 760ರ ಬೆಳಕು ಕಡಿಮೆಯಾಗುತ್ತದೆ, 850ರ ಬೆಳಕು ಜಾಸ್ತಿಯಾಗುತ್ತದೆ. ಎರಡೂ ಎದುರುಬದುರು ದಿಕ್ಕಿಗೆ ಹೋಗುತ್ತವೆ. ಪ್ರೋಬ್ ಜಾರಿದರೆ, ರಕ್ತ ಮೆತ್ತಿದರೆ, ಫೈಬರ್ ಬಾಗಿದರೆ ಎರಡೂ ಒಟ್ಟಿಗೆ ಬೀಳುತ್ತವೆ ಅಥವಾ ಒಟ್ಟಿಗೆ ಏರುತ್ತವೆ. ಸ್ನಾಯುವಿನಲ್ಲಿರುವ ರಕ್ತದ ಪ್ರಮಾಣವೇ ಬದಲಾದಾಗಲೂ ಎರಡೂ ಒಟ್ಟಿಗೆ ಹೋಗಬಹುದು, ಅದಕ್ಕೆ ಇದೊಂದನ್ನೇ ನಂಬಿ ತೀರ್ಪು ಕೊಡಬೇಡಿ. ಆದರೂ ಈ ಕೈಪಿಡಿಯಲ್ಲಿ ಒಂದೇ ಒಂದು ಪರೀಕ್ಷೆ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನೇ ಇಟ್ಟುಕೊಳ್ಳಿ. ಶೇಕಡಾವಾರು ಅಂಕಿ ಮಾತ್ರ ತೋರಿಸಿ ಕಚ್ಚಾ ಬೆಳಕನ್ನು ಮುಚ್ಚಿಡುವ ಉಪಕರಣಗಳ ಬಗ್ಗೆ ನನಗೆ ಅಷ್ಟಾಗಿ ಪ್ರೀತಿ ಇಲ್ಲ.

ಪರದೆ ಖಾಲಿ, ಅಥವಾ "ಸಿಗ್ನಲ್ ಕಡಿಮೆ" ಅನ್ನುತ್ತಿದೆ

ಕನೆಕ್ಟರ್ ಪೂರ್ತಿ ಕೂತಿದೆಯಾ ನೋಡಿ. ತೆಗೆದು ಮತ್ತೆ ಹಾಕಿ. ಬಹಳ ಸಲ ಕಥೆ ಇಲ್ಲೇ ಮುಗಿಯುತ್ತದೆ.

ಮುಗಿಯದಿದ್ದರೆ ಪ್ರೋಬ್ ಮುಖ ನೋಡಿ. ತೆರೆದ ಎದೆಯಲ್ಲಿ ಪ್ರೋಬ್ ಕೆಳಗೆ ರಕ್ತ ಸೇರುವುದು ಮಾಮೂಲು. ತೆಳುವಾದ ರಕ್ತದ ಪೊರೆಯೂ ಬೆಳಕನ್ನು ಚೆನ್ನಾಗಿಯೇ ನುಂಗುತ್ತದೆ. ಹೆಪ್ಪುಗಟ್ಟಿದರೆ ಇನ್ನೂ ಕಷ್ಟ. ಸಲೈನ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಮೃದುವಾಗಿ ಒರೆಸಿ. ಸ್ಟೆರೈಲ್ ಜಾಗದಲ್ಲಿ ಆ ಕೆಲಸವನ್ನು ಅಲ್ಲಿ ಕೈ ತೊಳೆದು ನಿಂತವರೇ ಮಾಡಬೇಕು, ನೀವು ಕೈ ಚಾಚಬೇಡಿ.

ಆಮೇಲೆ ಪ್ರೋಬ್ ಇಟ್ಟ ಜಾಗ. ಅದರ ಕೆಳಗೆ ದಪ್ಪ ರಕ್ತನಾಳ ಹಾದುಹೋಗಿದ್ದರೆ ಒಳಗೆ ಹೋದ ಬೆಳಕು ಅಲ್ಲೇ ಮುಳುಗುತ್ತದೆ, ವಾಪಸ್ ಬರುವುದಿಲ್ಲ. ಒಂದು ಸೆಂಟಿಮೀಟರ್ ಆಚೆ ಸರಿಸಿದರೆ ಸಿಗ್ನಲ್ ಬಂದುಬಿಡಬಹುದು.

ಇನ್ನೂ ಇಲ್ಲವೇ? ಬೆಳಕು ಹೊರಡುತ್ತಿದೆಯಾ ನೋಡಲು ಮೊಬೈಲ್ ಸಾಕು. ಪ್ರೋಬ್ ಅನ್ನು ಬಿಳಿ ಕಾಗದದತ್ತ ತಿರುಗಿಸಿ, ಕಾಗದದ ಮೇಲೆ ಬಿದ್ದ ಚುಕ್ಕೆಯನ್ನು ಮೊಬೈಲ್ ಪರದೆಯಲ್ಲಿ ನೋಡಿ. ನೇರಳೆ ಮಿಶ್ರಿತ ಬಿಳಿ ಚುಕ್ಕೆ ಕಂಡರೆ ಬೆಳಕು ಇದೆ. ಹಿಂದಿನ ಕ್ಯಾಮೆರಾಗಳಲ್ಲಿ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಇರುವುದುಂಟು, ಅದಕ್ಕೆ ಸೆಲ್ಫಿ ಕ್ಯಾಮೆರಾದಲ್ಲೂ ನೋಡಿ. ಟಿವಿ ರಿಮೋಟ್ ಒತ್ತಿ, ಅದರ ಬೆಳಕು ನಿಮ್ಮ ಮೊಬೈಲಿಗೆ ಕಾಣುತ್ತದಾ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಮೊಬೈಲಿನ ಕುರುಡನ್ನು ಪ್ರೋಬ್‌ನ ತಲೆಗೆ ಕಟ್ಟುತ್ತೀರಿ.

ಚುಕ್ಕೆ ಇಲ್ಲದಿದ್ದರೆ ಫೈಬರ್ ಅಥವಾ ಬೆಳಕಿನ ಮೂಲ ಹೋಗಿದೆ. ಗಾಜಿನ ಫೈಬರ್ ಒಳಗೆ ಮುರಿದರೂ ಹೊರಗಿನ ಪ್ಲಾಸ್ಟಿಕ್ ನೆಟ್ಟಗೇ ಕಾಣುತ್ತದೆ. ಪೆಟ್ಟಿಗೆಯಲ್ಲಿಡುವಾಗ ಬಿಗಿಯಾಗಿ ಸುತ್ತಿದ ಫೈಬರ್‌ಗಳು ಹೀಗೆ ಸದ್ದಿಲ್ಲದೆ ಸಾಯುತ್ತವೆ. ಎಳೆಗಳ ಕಟ್ಟಾಗಿದ್ದರೆ ಒಂದು ತುದಿಯನ್ನು ಮಾಮೂಲಿ ಟಾರ್ಚ್ ಬೆಳಕಿಗೆ ಹಿಡಿದು ಇನ್ನೊಂದು ತುದಿ ನೋಡಿ. ಮುರಿದ ಎಳೆಗಳು ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಈ ಪರೀಕ್ಷೆ ಮಾಡುವಾಗ ಫೈಬರ್ ಉಪಕರಣದಿಂದ ಬಿಚ್ಚಿರಲೇಬೇಕು.

ಏನು ಮಾಡಿದರೂ ಅಂಕಿ ಅಲ್ಲಾಡುತ್ತಿಲ್ಲ

ಇದು ಖಾಲಿ ಪರದೆಗಿಂತ ಅಪಾಯಕಾರಿ, ಯಾಕೆಂದರೆ ಎಲ್ಲವೂ ಚೆನ್ನಾಗಿದೆ ಅನ್ನಿಸುತ್ತದೆ. ಗೆರೆ ನೀಟಾಗಿರುತ್ತದೆ, ಸಿಗ್ನಲ್ ಜೋರಾಗಿರುತ್ತದೆ. ರಕ್ತದ ಹರಿವು ನಿಲ್ಲಿಸಿದರೂ ಅಂಕಿ ಜಗ್ಗುವುದಿಲ್ಲ.

ಸಾಮಾನ್ಯ ಕಾರಣ: ಬೆಳಕು ಸ್ನಾಯುವಿನೊಳಗೆ ಹೋಗಿಯೇ ಇಲ್ಲ. ಬೆಳಕಿನ ಮೂಲದಿಂದ ಅದನ್ನು ಹಿಡಿಯುವ ಡಿಟೆಕ್ಟರ್‌ಗೆ ಅಡ್ಡದಾರಿಯಲ್ಲಿ ಬಂದುಬಿಟ್ಟಿದೆ. ಪ್ರೋಬ್‌ಗೆ ಸುತ್ತಿದ ಪಾರದರ್ಶಕ ಸ್ಟೆರೈಲ್ ಹಾಳೆ ಇಲ್ಲಿ ಮುಖ್ಯ ಆರೋಪಿ. ಆ ಹಾಳೆಯೊಳಗೇ ಬೆಳಕು ಪಕ್ಕಕ್ಕೆ ಓಡಿ ಡಿಟೆಕ್ಟರ್ ಸೇರುತ್ತದೆ. ಪ್ರೋಬ್ ಮತ್ತು ಹೃದಯದ ನಡುವೆ ಸಲೈನ್ ನಿಂತರೂ ಹಾಗೇ. ನಾನೇ ಒಮ್ಮೆ ಅರ್ಧ ದಿನದ ದಾಖಲೆ ಹೀಗೆ ಕಳೆದುಕೊಂಡಿದ್ದೇನೆ. ಗೆರೆ ಎಷ್ಟು ಚೆಂದ ಇತ್ತೆಂದರೆ ಅನುಮಾನವೇ ಬರಲಿಲ್ಲ. ಆಮೇಲೆ ಲೆಕ್ಕ ಹಾಕಿದರೆ ನಾನು ಇಡೀ ಬೆಳಿಗ್ಗೆ ಅಳೆದಿದ್ದು ಪ್ಲಾಸ್ಟಿಕ್ ಹಾಳೆಯ ಆಕ್ಸಿಜನ್.

ಪರಿಹಾರ ಸುಲಭ. ಹಾಳೆಯನ್ನು ಸುಕ್ಕಿಲ್ಲದಂತೆ ಎಳೆದು ಹಾಕಿ, ಸಾಧ್ಯವಾದರೆ ಮೂಲ ಮತ್ತು ಡಿಟೆಕ್ಟರ್ ನಡುವೆ ಕಪ್ಪು ತಡೆ ಇರುವ ಪ್ರೋಬ್ ಬಳಸಿ, ಅಂಚುಗಳು ಹೃದಯಕ್ಕೆ ತಾಗುವಂತೆ ಇಡಿ. ಪರೀಕ್ಷೆ ಬೇಕೆಂದರೆ ಪ್ರೋಬ್ ಅನ್ನು ಅದೇ ಹಾಳೆಯ ಸಮೇತ ಕಪ್ಪು ರಬ್ಬರ್ ಮೇಲೆ ಇಡಿ. ಕಪ್ಪಿನಿಂದ ಬೆಳಕು ವಾಪಸ್ ಬರಬಾರದು. ಬಂದರೆ ಅಷ್ಟೂ ಸೋರಿಕೆ.

ಇನ್ನೊಂದು ಕಾರಣ ಡಿಟೆಕ್ಟರ್ ತುಂಬಿ ತುಳುಕುವುದು. ಬೆಳಕು ಅದರ ಮಿತಿ ದಾಟಿದರೆ ಗೆರೆ ಮೇಲ್ಛಾವಣಿಗೆ ಅಂಟಿಕೊಂಡಂತೆ ನಿಲ್ಲುತ್ತದೆ. ಮೂಲದ ಶಕ್ತಿ ಅಥವಾ ಗೇನ್ (ಸಿಗ್ನಲ್ ಅನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಎಂಬ ಸೆಟ್ಟಿಂಗ್) ಇಳಿಸಿ ನೋಡಿ.

ಗೆರೆ ಕುಣಿಯುತ್ತಿದೆ

ಮೊದಲು ಕುಣಿತದ ತಾಳ ಎಣಿಸಿ. ನಿಮಿಷಕ್ಕೆ 12ರಿಂದ 20 ಇದ್ದರೆ ಉಸಿರಾಟ ಅಥವಾ ವೆಂಟಿಲೇಟರ್. ಹೃದಯದ ಬಡಿತದ ಲೆಕ್ಕಕ್ಕೆ ಸರಿಹೊಂದಿದರೆ ಬಡಿತವೇ. ಯಾವುದಕ್ಕೂ ಹೊಂದದಿದ್ದರೆ ಕೋಣೆಯ ಬೆಳಕು, ಇಲ್ಲವೇ ನಿಮ್ಮ ಸ್ಯಾಂಪ್ಲಿಂಗ್, ಅಂದರೆ ಸೆಕೆಂಡಿಗೆ ಎಷ್ಟು ಬಿಂದು ದಾಖಲಿಸುತ್ತೀರಿ ಎಂಬುದು.

ಬಡಿತದ ಕುಣಿತ ಪೂರ್ತಿ ದೋಷವಲ್ಲ. ಎಡ ಕುಹರದ, ಅಂದರೆ ಹೃದಯದ ಕೆಳಗಿನ ಎಡ ಕೋಣೆಯ, ಗೋಡೆ ಸುಮಾರು ಒಂದು ಸೆಂಟಿಮೀಟರ್ ದಪ್ಪ. ಪ್ರತಿ ಬಡಿತಕ್ಕೂ ಅದು ದಪ್ಪಗಾಗುತ್ತದೆ, ತಿರುಚಿಕೊಳ್ಳುತ್ತದೆ, ಒಳಗಿನ ರಕ್ತ ಹೊರಗೆ ಹೋಗುತ್ತದೆ. ಬೆಳಕಿನ ದಾರಿ ಪ್ರತಿ ಸಲ ಬದಲಾಗುತ್ತದೆ. ಎಡ ಕುಹರದ ಗೋಡೆಗೆ ರಕ್ತ ಹರಿಯುವುದೂ ಬಹುಪಾಲು ಹೃದಯ ಸಡಿಲವಾದಾಗಲೇ. ಹಾಗಾಗಿ ಇಸಿಜಿ ಜೊತೆ ಹೊಂದಿಸಿ, ಪ್ರತಿ ಬಡಿತದಲ್ಲೂ ಹೃದಯ ಸಡಿಲವಾದ ಅದೇ ಕ್ಷಣದ ಬಿಂದುವನ್ನು ಮಾತ್ರ ತೆಗೆದುಕೊಂಡರೆ ಗೆರೆ ಅಚ್ಚರಿಯಷ್ಟು ಶಾಂತವಾಗುತ್ತದೆ. ಅಷ್ಟು ಸೌಲಭ್ಯ ಇಲ್ಲದಿದ್ದರೆ ಹಲವು ಬಡಿತಗಳ ಸರಾಸರಿ ಸಾಕು, ಬದಲಾವಣೆ ನಿಧಾನವಾಗಿದ್ದಾಗ.

ಆದರೆ ಸರಾಸರಿ ತೆಗೆಯುವ ಮುನ್ನ ಸೆಕೆಂಡಿಗೆ ಎಷ್ಟು ಬಿಂದು ದಾಖಲಿಸುತ್ತಿದ್ದೀರಿ ನೋಡಿಕೊಳ್ಳಿ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಹೃದಯ ನಿಮಿಷಕ್ಕೆ 118 ಸಲ ಬಡಿಯುತ್ತಿದೆ, ನೀವು ಸೆಕೆಂಡಿಗೆ 2 ಬಿಂದು, ಅಂದರೆ ನಿಮಿಷಕ್ಕೆ 120 ತೆಗೆಯುತ್ತಿದ್ದೀರಿ ಎಂದುಕೊಳ್ಳಿ. ಎರಡರ ನಡುವಿನ ವ್ಯತ್ಯಾಸ ನಿಮಿಷಕ್ಕೆ 2. ನಿಮ್ಮ ಗೆರೆಯಲ್ಲಿ 30 ಸೆಕೆಂಡಿಗೊಂದು ನಿಧಾನವಾದ, ಸುಂದರವಾದ ಅಲೆ ಏಳುತ್ತದೆ. ಆಕ್ಸಿಜನ್ ಏರಿಳಿಯುತ್ತಿದೆ ಅಂತಲೇ ಅನ್ನಿಸುತ್ತದೆ. ಅಲ್ಲಿ ಅಂಥದ್ದು ಏನೂ ಇಲ್ಲ! ಬಡಿತದ ದರ ಸ್ವಲ್ಪ ಬದಲಾದರೆ ಅಲೆಯ ಉದ್ದವೂ ಬದಲಾಗುತ್ತದೆ, ಅದೇ ಗುರುತು. ದಾಖಲಿಸಿದ ಮೇಲೆ ಯಾವ ಫಿಲ್ಟರ್ ಹಾಕಿದರೂ ಇದು ಹೋಗುವುದಿಲ್ಲ. ಬಡಿತದ ಎರಡು ಪಟ್ಟಿಗಿಂತ ವೇಗವಾಗಿ ದಾಖಲಿಸಲೇಬೇಕು, ಹತ್ತು ಪಟ್ಟು ಇದ್ದರೆ ನೆಮ್ಮದಿ. ಇಲಿಯ ಹೃದಯ ನಿಮಿಷಕ್ಕೆ 300 ಬಡಿಯುತ್ತದೆ, ಅಂದರೆ ಸೆಕೆಂಡಿಗೆ 5. ಮನುಷ್ಯರ ಹಣೆಗೆಂದು ಮಾಡಿದ ನಿಧಾನಗತಿಯ ಉಪಕರಣ ಅಲ್ಲಿ ಕೆಲಸಕ್ಕೆ ಬಾರದು.

ಬೆಳಕಿನ ಅನುಮಾನ ಇದ್ದರೆ ಪ್ರೋಬ್ ಮೇಲೆ ಕಪ್ಪು ಬಟ್ಟೆ ಮುಚ್ಚಿ, ಅಥವಾ ಒಪ್ಪಿಗೆ ಪಡೆದು ದೀಪವನ್ನು ಕ್ಷಣಕಾಲ ಪಕ್ಕಕ್ಕೆ ತಿರುಗಿಸಿ. ಗೆರೆ ಬದಲಾದರೆ ಉತ್ತರ ಸಿಕ್ಕಿತು. ಮೇನ್ಸ್‌ನಲ್ಲಿ ಉರಿಯುವ ದೀಪಗಳು ಕರೆಂಟಿನ ಎರಡು ಪಟ್ಟು ವೇಗದಲ್ಲಿ ಮಿನುಗುತ್ತವೆ: 50 ಹರ್ಟ್ಜ್ ಇದ್ದಲ್ಲಿ ಸೆಕೆಂಡಿಗೆ 100 ಸಲ. ಉಪಕರಣ ತನ್ನ ದೀಪ ಆರಿಸಿ ಕೋಣೆಯ ಬೆಳಕನ್ನು ಅಳೆದು ಕಳೆಯುತ್ತದೆ, ಸರಿ. ಆದರೆ ಆ ಎರಡು ಕ್ಷಣಗಳ ನಡುವೆ ಕೋಣೆಯ ಬೆಳಕೇ ಬದಲಾದರೆ ಕಳೆದಿದ್ದು ತಪ್ಪಾಗುತ್ತದೆ. ಇನ್‌ಫ್ರಾರೆಡ್ ಕ್ಯಾಮೆರಾಗಳು ಮತ್ತು ಪಕ್ಕದ ಇನ್ನೊಂದು ಆಕ್ಸಿಮೀಟರ್ ಸೆನ್ಸರ್ ಕೂಡ ಇದೇ ಕಾಟ ಕೊಡಬಲ್ಲವು.

ಕುಣಿತ ತಡೆಯಲು ಪ್ರೋಬ್ ಅನ್ನು ಹೃದಯಕ್ಕೆ ಒತ್ತಿ ಹಿಡಿಯಬೇಡಿ. ಒತ್ತಿದರೆ ಕೆಳಗಿನ ಸಣ್ಣ ನಾಳಗಳಿಂದ ರಕ್ತ ಹಿಂಡಿಹೋಗುತ್ತದೆ. ನೀವು ಅಳೆಯಬೇಕೆಂದಿದ್ದ ಆಕ್ಸಿಜನ್ ಕೊರತೆಯನ್ನು ನೀವೇ ಹುಟ್ಟಿಸುತ್ತೀರಿ. ಕೈ ಸಡಿಲಿಸಿದ ಕೂಡಲೇ ಅಂಕಿ ಹತ್ತಿ ಮೊದಲಿಗಿಂತ ಮೇಲೆ ಹೋದರೆ ಒತ್ತಡವೇ ಕಾರಣ. ಪ್ರೋಬ್ ಹಗುರವಾಗಿರಲಿ, ಹೃದಯದ ಜೊತೆ ಅದೂ ತೇಲಲಿ.

ಹೊತ್ತು ಕಳೆದಂತೆ ಮೆಲ್ಲಗೆ ಜಾರುತ್ತಿದೆ

ಉಪಕರಣ ಬಿಸಿಯಾಗುವ ತನಕ ಕಾದಿದ್ದೀರಾ? ಲೇಸರ್ ಡಯೋಡ್ ಒಂದು ಡಿಗ್ರಿ ಬಿಸಿಯಾದರೆ ಅದರ ತರಂಗಾಂತರ ಸುಮಾರು 0.3 ನ್ಯಾನೊಮೀಟರ್ ಸರಿಯುತ್ತದೆ. ಹತ್ತು ಡಿಗ್ರಿಗೆ 3. ಲೆಕ್ಕ ಮಾತ್ರ ಹಳೆಯ ತರಂಗಾಂತರದ ಮೇಲೇ ನಡೆಯುತ್ತಿರುತ್ತದೆ. ಅರ್ಧ ಗಂಟೆ ಮುಂಚೆ ಆನ್ ಮಾಡಿಡಿ.

ಅದು ಸರಿಯಿದ್ದರೆ ಪ್ರೋಬ್ ಕೆಳಗೆ ಒಣಗಿದೆಯಾ, ರಕ್ತ ಸೇರಿದೆಯಾ ನೋಡಿ. ಆಮೇಲೆ ಹೃದಯದ ಕಡೆ ಬನ್ನಿ. ತಂಪು ದ್ರಾವಣ ಕೊಟ್ಟು ನಿಲ್ಲಿಸಿ ಮತ್ತೆ ರಕ್ತ ಹರಿಸಿದ ಹೃದಯ ನೀರು ತುಂಬಿ ಊದಿಕೊಳ್ಳಬಹುದು. ಊದಿದರೆ ಬೆಳಕು ಚದುರುವ ರೀತಿಯೇ ಬದಲಾಗುತ್ತದೆ. ತಂಪಾದಾಗ ಹಿಮೋಗ್ಲೋಬಿನ್ ಆಕ್ಸಿಜನ್ ಅನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಅಂಕಿ ಚೆನ್ನಾಗಿ ಕಂಡರೂ ಸ್ನಾಯುವಿಗೆ ಸಿಗುವುದು ಕಡಿಮೆ ಇರಬಹುದು. ರಕ್ತ ತೆಳುವಾಗಿಸಿದಾಗಲೂ ಒಟ್ಟು ಹಿಮೋಗ್ಲೋಬಿನ್ ಗೆರೆ ಇಳಿಯುತ್ತದೆ. ಅದು ದೋಷವಲ್ಲ, ನಿಜವಾಗಿ ಆದದ್ದೇ.

ಅಂಕಿ ಸ್ಥಿರವಾಗಿದೆ, ಆದರೆ ನಂಬುವಂತಿಲ್ಲ

"ಬೆರಳಿನಲ್ಲಿ 98, ಹೃದಯದಲ್ಲಿ 50. ಉಪಕರಣ ಕೆಟ್ಟಿದೆ ಅಲ್ವಾ?" ಈ ಪ್ರಶ್ನೆ ತುಂಬಾ ಸಲ ಬರುತ್ತದೆ. ಕೆಟ್ಟಿಲ್ಲ. ಬೆರಳಿನ ಆಕ್ಸಿಮೀಟರ್ ಮಿಡಿಯುವ ರಕ್ತವನ್ನು, ಅಂದರೆ ಅಪಧಮನಿಯ ರಕ್ತವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಿರ್ಸ್‌ಗೆ ಆ ಭೇದವಿಲ್ಲ. ಅಪಧಮನಿ, ಲೋಮನಾಳ, ಅಭಿಧಮನಿ ಎಲ್ಲ ಸೇರಿಸಿ ಸರಾಸರಿ ಹೇಳುತ್ತದೆ. ಅದರ ಮೇಲೆ ಹೃದಯದ ಹಸಿವೂ ದೊಡ್ಡದು. ದೇಹ ಒಟ್ಟಾರೆ ರಕ್ತದಿಂದ ನಾಲ್ಕನೇ ಒಂದು ಭಾಗ ಆಕ್ಸಿಜನ್ ತೆಗೆದುಕೊಂಡರೆ, ಹೃದಯ ವಿಶ್ರಾಂತಿಯಲ್ಲೂ ಶೇ. 70ರಷ್ಟು ತೆಗೆದುಕೊಳ್ಳುತ್ತದೆ. ಅದರ ಅಭಿಧಮನಿಯಲ್ಲಿ ಉಳಿಯುವುದು ಶೇ. 30ರಷ್ಟೇ. ಆದ್ದರಿಂದ ಹಣೆಯಲ್ಲಿ ಬರುವ ಅಂಕಿಗೆ ಹೋಲಿಸಿ ಹೃದಯದ ಅಂಕಿಯನ್ನು ಬೈಯಬೇಡಿ.

ನನಗೆ ಭಯ ಹುಟ್ಟಿಸುವುದು ಉಲ್ಟಾ ಸಂದರ್ಭ: ಹೃದಯದ ಅಂಕಿ ತೀರಾ ಚೆನ್ನಾಗಿ ಕಾಣುವುದು. ಬಲ ಕುಹರದ ಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಅದರ ಮೇಲೆ ಪ್ರೋಬ್ ಇಟ್ಟರೆ ಬೆಳಕು ಗೋಡೆ ದಾಟಿ ಒಳಗಿನ ರಕ್ತಕ್ಕೆ ತಲುಪುತ್ತದೆ. ಅಲ್ಲಿರುವುದು ಇಡೀ ದೇಹದಿಂದ ವಾಪಸ್ ಬಂದ ರಕ್ತ, ಆಕ್ಸಿಜನ್ ಸುಮಾರು ಶೇ. 70. ಹೃದಯದ ಸ್ವಂತ ಅಭಿಧಮನಿಯ 30ಕ್ಕಿಂತ ಇದು ಎಷ್ಟೋ ಜಾಸ್ತಿ. ಗೋಡೆ ಉಸಿರುಗಟ್ಟುತ್ತಿದ್ದರೂ ಅಂಕಿ ಆರಾಮಾಗಿ ಕೂತಿರಬಹುದು. ಮೂಲ ಮತ್ತು ಡಿಟೆಕ್ಟರ್ ನಡುವಿನ ದೂರದ ಮೂರನೇ ಒಂದರಿಂದ ಅರ್ಧದಷ್ಟು ಆಳದಿಂದ ಬೆಳಕು ಬರುತ್ತದೆ ಎಂಬ ಅಂದಾಜು ಇಟ್ಟುಕೊಳ್ಳಿ. ಗೋಡೆ ತೆಳುವಿದ್ದರೆ ಆ ದೂರ ಕಡಿಮೆ ಮಾಡಿ.

ಹೃದಯದ ಮೇಲಿನ ಕೊಬ್ಬೂ ಹೀಗೇ ದಾರಿ ತಪ್ಪಿಸುತ್ತದೆ. ಹಳದಿ ಪದರ ಕಂಡಲ್ಲಿ ಪ್ರೋಬ್ ಇಡಬೇಡಿ. ಬೆಳಕು ಕೊಬ್ಬಿನಲ್ಲೇ ತಿರುಗಾಡಿ ಬರುತ್ತದೆ.

ಇನ್ನು ಎದೆಯ ಚರ್ಮದ ಮೇಲೆ ಅಂಟಿಸಿ ಹೃದಯದ ಆಕ್ಸಿಜನ್ ನೋಡುವ ಆಸೆ. ದೊಡ್ಡವರಲ್ಲಿ ಚರ್ಮದಿಂದ ಹೃದಯಕ್ಕೆ ಸುಮಾರು 3 ಸೆಂಟಿಮೀಟರ್ ಅಥವಾ ಅದಕ್ಕೂ ಜಾಸ್ತಿ, ನಡುವೆ ಕೊಬ್ಬು, ಎದೆಯ ಸ್ನಾಯು, ಪಕ್ಕೆಲುಬು, ಗಾಳಿ ತುಂಬಿದ ಶ್ವಾಸಕೋಶ. 3–4 ಸೆಂಟಿಮೀಟರ್ ಅಂತರದ ಸೆನ್ಸರ್‌ನ ಬೆಳಕು ಹೆಚ್ಚೆಂದರೆ ಎರಡು ಸೆಂಟಿಮೀಟರ್ ಕೆಳಗಿಂದ ಬರುತ್ತದೆ. ನೀವು ನೋಡುತ್ತಿರುವುದು ಎದೆಯ ಸ್ನಾಯುವಿನ ಆಕ್ಸಿಜನ್. ಅದನ್ನು ಸರಿಪಡಿಸುವ ಸೆಟ್ಟಿಂಗ್ ಯಾವುದೂ ಇಲ್ಲ.

ಬಣ್ಣ ಕೊಟ್ಟ ಕೂಡಲೇ ಅಂಕಿ ಕುಸಿಯಿತು

ರಕ್ತಕ್ಕೆ ಚುಚ್ಚುವ ಬಣ್ಣಗಳಲ್ಲಿ ಇಂಡೊಸಯನಿನ್ ಗ್ರೀನ್ ರಕ್ತದಲ್ಲಿ 800ರ ಹತ್ತಿರ, ಮಿಥಿಲೀನ್ ಬ್ಲೂ 660ರ ಹತ್ತಿರ ಬೆಳಕು ನುಂಗುತ್ತವೆ. ಉಪಕರಣಕ್ಕೆ ಬಣ್ಣ ಅಂದರೆ ಏನು ಗೊತ್ತಿಲ್ಲ, ಅದನ್ನೂ ಹಿಮೋಗ್ಲೋಬಿನ್ ಅಂದುಕೊಳ್ಳುತ್ತದೆ. ಕೊಟ್ಟ ಸಮಯ ಬರೆದಿಡಿ, ಬಣ್ಣ ಕರಗುವ ತನಕ ಆ ಭಾಗದ ದಾಖಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಆದರೆ ಅದೇ ಹೊತ್ತಿಗೆ ರಕ್ತದೊತ್ತಡವೂ ಬಿದ್ದಿದ್ದರೆ ಬಣ್ಣದ ಮೇಲೆ ತಪ್ಪು ಹೊರಿಸಿ ಕೂರಬೇಡಿ. ಬಣ್ಣಕ್ಕೆ ಅಲರ್ಜಿಯೂ ಆಗುವುದುಂಟು.

ರಕ್ತವೇ ಇಲ್ಲದ ಹೃದಯದಲ್ಲಿ ಅಂಕಿ ಇಳಿಯುತ್ತಲೇ ಇಲ್ಲ

1895ರಲ್ಲಿ ಆಸ್ಕರ್ ಲಾಂಗೆನ್‌ಡಾರ್ಫ್ ತೋರಿಸಿಕೊಟ್ಟ ರೀತಿಯಲ್ಲಿ ಹೃದಯವನ್ನು ಹೊರತೆಗೆದು ಉಪ್ಪಿನ ದ್ರಾವಣ ಹರಿಸಿ ಬಡಿಯುವಂತೆ ಮಾಡುವವರಿಗೆ ಈ ಭಾಗ. ಇಲ್ಲಿ ಹಿಮೋಗ್ಲೋಬಿನ್ ಇಲ್ಲ. ಕಾಣುವುದು ಮುಖ್ಯವಾಗಿ ಸ್ನಾಯುವಿನೊಳಗೆ ಆಕ್ಸಿಜನ್ ಹಿಡಿದಿಡುವ ಪ್ರೋಟೀನ್ ಆದ ಮಯೋಗ್ಲೋಬಿನ್. ಎರಡರ ಬಣ್ಣ ಈ ಬೆಳಕಿನಲ್ಲಿ ಹೆಚ್ಚುಕಡಿಮೆ ಒಂದೇ, ಸಾಮಾನ್ಯ ನಿರ್ಸ್ ಅವನ್ನು ಬೇರ್ಪಡಿಸಲಾರದು. ಸ್ವಭಾವ ಮಾತ್ರ ಬೇರೆ. ಹಿಮೋಗ್ಲೋಬಿನ್ 27 ಮಿ.ಮೀ. ಪಾದರಸದ ಆಸುಪಾಸಿನ ಒತ್ತಡದಲ್ಲಿ ಅರ್ಧ ಆಕ್ಸಿಜನ್ ಬಿಟ್ಟುಕೊಡುತ್ತದೆ. ಮಯೋಗ್ಲೋಬಿನ್ 2–3ಕ್ಕೆ ಇಳಿಯುವ ತನಕ ಕೈಬಿಡುವುದಿಲ್ಲ. ಹಾಗಾಗಿ ಆಕ್ಸಿಜನ್ ಇಳಿಸಿದರೂ ಬಹಳ ಹೊತ್ತು ಗೆರೆ ಅಲ್ಲೇ ಇದ್ದು ಆಮೇಲೆ ಧಡಾರನೆ ಬೀಳುತ್ತದೆ. ಉಪಕರಣ ಸರಿಯಿದೆಯಾ ನೋಡಲು ಪ್ರಯೋಗದ ಕೊನೆಯಲ್ಲಿ ದ್ರಾವಣಕ್ಕೆ ಆಕ್ಸಿಜನ್ ಬದಲು ನೈಟ್ರೋಜನ್ ಹಾಯಿಸಿ. ಆಗಲೂ ಬೀಳದಿದ್ದರೆ ಮೇಲೆ ಹೇಳಿದ ಬೆಳಕಿನ ಸೋರಿಕೆಗೆ ವಾಪಸ್ ಹೋಗಿ. ಇಲಿಯ ಹೃದಯದಷ್ಟು ಚಿಕ್ಕದರ ಮೇಲೆ ಬೆಳಕು ಸುತ್ತಿ ಬರುವುದು ಬಹಳ ಸುಲಭ.

ಜೀವಕೋಶದೊಳಗೆ ಆಕ್ಸಿಜನ್ ಬಳಸುವ ಕಿಣ್ವ ಸೈಟೋಕ್ರೋಮ್ ಆಕ್ಸಿಡೇಸ್ ಕೂಡ ಇದೇ ಬೆಳಕಿನಲ್ಲಿ, 830ರ ಆಸುಪಾಸು, ಸಿಗುತ್ತದೆ. ರಕ್ತ ಇದ್ದಲ್ಲಿ ಅದರ ಸಿಗ್ನಲ್ ಬಹಳ ಸಣ್ಣದು. ಎರಡೇ ತರಂಗಾಂತರದ ಉಪಕರಣದಿಂದ ಅದನ್ನು ಬಿಡಿಸಿ ತೆಗೆಯುತ್ತೇನೆ ಅಂತ ಹೊರಡಬೇಡಿ.

ಇಷ್ಟಾದರೂ ಗೊತ್ತಾಗದಿದ್ದರೆ

ಈಗ ಉಪಕರಣವನ್ನು ಹೃದಯದಿಂದ ದೂರ ಒಯ್ದು ಪರೀಕ್ಷಿಸಿ. ಮೊದಲು ಕತ್ತಲೆ: ಮೂಲ ಆರಿಸಿ, ಪ್ರೋಬ್ ಮುಚ್ಚಿ. ಡಿಟೆಕ್ಟರ್ ಸೊನ್ನೆಗೆ ಹತ್ತಿರ ಇರಬೇಕು. ಆಮೇಲೆ ಫೈಬರ್‌ಗಳನ್ನು ಅದಲು ಬದಲು ಮಾಡಿ. ದೋಷ ಫೈಬರ್ ಜೊತೆ ಹೋದರೆ ಫೈಬರ್‌ದು, ಚಾನೆಲ್‌ನಲ್ಲೇ ಉಳಿದರೆ ಉಪಕರಣದ್ದು. ಮೂರನೆಯದು ಫ್ಯಾಂಟಮ್, ಅಂದರೆ ಬೆಳಕನ್ನು ಮಾಂಸದಂತೆ ಚದುರಿಸುವ ಗಟ್ಟಿ ಅಚ್ಚು. ಅದರ ಮೇಲೆ ಒಂದು ಗಂಟೆ ಬಿಡಿ. ಅಚ್ಚು ಬದಲಾಗುವುದಿಲ್ಲ. ಗೆರೆ ಜಾರಿದರೆ ಅಷ್ಟೂ ಉಪಕರಣದ ಜಾರುವಿಕೆ.

ನನಗೆ ಇಷ್ಟವಾದ ಪರೀಕ್ಷೆ ಸ್ವಂತ ಮುಂಗೈ. ಚರ್ಮಕ್ಕೆಂದೇ ಒಪ್ಪಿಗೆ ಪಡೆದ ಪ್ರೋಬ್ ಅನ್ನು ಮುಂಗೈಗೆ ಕಟ್ಟಿ, ತೋಳಿಗೆ ಬಿಪಿ ಪಟ್ಟಿ ಸುತ್ತಿ. ಮೇಲಿನ ಬಿಪಿಗಿಂತ 50ರಷ್ಟು ಜಾಸ್ತಿಗೆ ಬೇಗ ಊದಿ. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಇಳಿಯಬೇಕು, ಬಿಟ್ಟದ್ದು ಏರಬೇಕು, ಒಟ್ಟು ಹೆಚ್ಚುಕಡಿಮೆ ಸಮ ಇರಬೇಕು. ಎರಡು ಮೂರು ನಿಮಿಷಕ್ಕೆ ಬಿಟ್ಟಾಗ ಆಕ್ಸಿಜನ್ ಗೆರೆ ಮೊದಲಿನ ಮಟ್ಟ ದಾಟಿ ಜಿಗಿದು ಮೆಲ್ಲಗೆ ಇಳಿಯಬೇಕು. ಈ ಚಿತ್ರ ಬಂದರೆ ಉಪಕರಣ ಆರೋಗ್ಯವಾಗಿದೆ, ದೋಷ ಹೃದಯದ ಮೇಲೆ ನೀವಿಟ್ಟ ರೀತಿಯಲ್ಲಿದೆ. ರಕ್ತ ಹೆಪ್ಪುಗಟ್ಟುವ ತೊಂದರೆ, ರಕ್ತ ತೆಳುವಾಗುವ ಔಷಧಿ, ಡಯಾಲಿಸಿಸ್ ಫಿಸ್ಟುಲಾ (ಡಯಾಲಿಸಿಸ್‌ಗೆಂದು ಕೈಯಲ್ಲಿ ಜೋಡಿಸಿದ ರಕ್ತನಾಳ) ಅಥವಾ ಕೈಯ ರಕ್ತನಾಳದ ಕಾಯಿಲೆ ಇರುವವರು ಇದನ್ನು ಮಾಡಬಾರದು. ನೋವು ಜೋರಾದರೆ ತಕ್ಷಣ ಗಾಳಿ ಬಿಡಿ.

ಕೈ ಹಿಂದಕ್ಕೆ ತೆಗೆಯಬೇಕಾದ ಸಂದರ್ಭಗಳು

ಹೃದಯದ ಬಣ್ಣ, ರಕ್ತದೊತ್ತಡ, ಇಸಿಜಿ ಇವುಗಳಲ್ಲಿ ಒಂದಾದರೂ ಅಂಕಿಯ ಜೊತೆ ಕೆಟ್ಟಿದ್ದರೆ ಉಪಕರಣ ರಿಪೇರಿ ಆಮೇಲೆ. ಪ್ರೋಬ್ ತಾಗಿದ ಕೂಡಲೇ ಬಡಿತ ತಪ್ಪಿದರೆ ತಕ್ಷಣ ತೆಗೆಯಿರಿ, ಸೋರುವ ಕರೆಂಟು ಅಳೆಸುವ ತನಕ ಅದನ್ನು ಮತ್ತೆ ಬಳಸಬೇಡಿ. ಪ್ರೋಬ್ ತುದಿ ಬಿಸಿಯಾಗಿದ್ದರೆ, ಕೇಬಲ್ ಹೊರಪದರ ಸೀಳಿದ್ದರೆ, ಫೈಬರ್ ತುದಿಯ ಗಾಜು ಚಕ್ಕೆ ಎದ್ದಿದ್ದರೆ ಅದೇ ಮಾತು. ಗಾಜಿನ ಚೂರು ಎದೆಯೊಳಗೆ ಬಿದ್ದಿರಬಹುದು ಅನ್ನಿಸಿದರೆ ಮುಜುಗರ ಪಡದೆ ಅಲ್ಲೇ ಹೇಳಿ. ಒಮ್ಮೆ ಬಳಸಿ ಬಿಸಾಡುವ ಸೆನ್ಸರ್ ಅನ್ನು ತೊಳೆದು ಮತ್ತೆ ಇಡಬೇಡಿ. ಲೇಸರ್ ಇರುವ ಪೆಟ್ಟಿಗೆಯನ್ನು ನೀವೇ ಬಿಚ್ಚಬೇಡಿ.

ರಿಪೇರಿಗೆ ಕಳಿಸುವಾಗ "ಕೆಲಸ ಮಾಡುತ್ತಿಲ್ಲ" ಅಂತ ಮಾತ್ರ ಬರೆದರೆ ಅದು ಹಾಗೇ ವಾಪಸ್ ಬರುವ ಸಾಧ್ಯತೆ ಜಾಸ್ತಿ. ಕತ್ತಲೆಯ ಅಂಕಿ, ಫ್ಯಾಂಟಮ್ ಮೇಲಿನ ಒಂದು ಗಂಟೆಯ ದಾಖಲೆ, ಮುಂಗೈ ಪರೀಕ್ಷೆಯ ಗೆರೆ, ಯಾವ ಫೈಬರ್ ಬದಲಿಸಿದಾಗ ಏನಾಯಿತು, ದೋಷ ಕಂಡ ಹೊತ್ತಿನ ಕಚ್ಚಾ ಬೆಳಕಿನ ಫೈಲ್ ಇಷ್ಟನ್ನೂ ಜೊತೆಗಿಡಿ. ರಕ್ತ ತಾಗಿದ ಪ್ರೋಬ್ ಅನ್ನು ಸೋಂಕು ತೆಗೆದ ಮೇಲಷ್ಟೇ ಕಳಿಸಿ, ತೆಗೆದಿದ್ದೀರಿ ಎಂದು ಚೀಟಿಯಲ್ಲಿ ಬರೆಯಿರಿ. ಪೆಟ್ಟಿಗೆಗೆ ಹಾಕುವಾಗ ಫೈಬರ್ ಅನ್ನು ದೊಡ್ಡ ಸುತ್ತಾಗಿ, ಸಡಿಲವಾಗಿ ಸುತ್ತಿ.